2000 ಆರ್‌ಪಿಎಂ ದಾಟಲೇಬಾರದಾ? ಮೈಲೇಜಿಗೂ ಇಂಜಿನ್ ಸ್ಪೀಡಿಗೂ ಇರೋ ಲೆಕ್ಕ

ಪ್ರಶ್ನೆ: ಸರ್, ನಂದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರು, ತಗೊಂಡು ನಾಲ್ಕು ವರ್ಷ ಆಯ್ತು. ದಿನಾ ನಾಗರಭಾವಿಯಿಂದ ಬೆಳ್ಳಂದೂರಿಗೆ ಔಟರ್ ರಿಂಗ್ ರೋಡಲ್ಲಿ ಹೋಗಿ ಬರ್ತೀನಿ, ಒಂದು ಕಡೆಗೆ ಸುಮಾರು 24 ಕಿಲೋಮೀಟರ್, ಒಂದೂವರೆ ಗಂಟೆ. ಮೈಲೇಜ್ 11ರ ಮೇಲೆ ಏರ್ತಾನೇ ಇಲ್ಲ. ನಮ್ಮ ಭಾವ "2000 ಆರ್‌ಪಿಎಂ ದಾಟಿಸ್ಲೇಬೇಡ, 40ಕ್ಕೆಲ್ಲ ಟಾಪ್ ಗೇರ್ ಹಾಕ್ಬಿಡು" ಅಂತಾರೆ, ಹಾಗೆ ಮಾಡಿದ್ರೆ ಗಾಡಿ ದಡದಡ ಅದುರತ್ತೆ. ಅಪ್ಪ "ಇಳಿಜಾರಲ್ಲಿ ನ್ಯೂಟ್ರಲ್ ಮಾಡು" ಅಂತಾರೆ. ಸರ್ವಿಸ್ ಮಾಡೋ ಹುಡುಗ "ಮೇಡಂ, ಚೆನ್ನಾಗಿ ರೇಸ್ ಮಾಡಿ ಓಡ್ಸಿ, ಆಗ್ಲೇ ಇಂಜಿನ್ ಫ್ರೀ ಆಗೋದು" ಅಂತಾನೆ. ಯಾರ ಮಾತು ಕೇಳ್ಲಿ?

ಉತ್ತರ: ಮೇಡಂ, ಮೂರೂ ಜನ ಹೇಳಿದ್ರಲ್ಲೂ ಒಂದಷ್ಟು ನಿಜ ಇದೆ, ಆದ್ರೆ ಯಾರ ಮಾತನ್ನೂ ಪೂರ್ತಿ ಪಾಲಿಸೋ ಹಾಗಿಲ್ಲ. ನಾನು ಇಪ್ಪತ್ತು ವರ್ಷದ ಮೇಲೆ ಇಂಜಿನ್ ಟೆಸ್ಟ್ ಬೆಡ್ಡಲ್ಲಿ ಕೆಲಸ ಮಾಡಿದೀನಿ, ಅಂದ್ರೆ ಇಂಜಿನ್ ಒಂದನ್ನೇ ಡೈನಮೋಮೀಟರಿಗೆ ಕಟ್ಟಿ, ಇಷ್ಟು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತತ್ತೆ ಅನ್ನೋದು), ಇಷ್ಟು ಲೋಡ್ (ಇಂಜಿನ್ ಮೇಲೆ ಬೀಳೋ ಹೊರೆ), ಎಷ್ಟು ಗ್ರಾಂ ಪೆಟ್ರೋಲ್ ಕುಡೀತು ಅಂತ ಒಂದೊಂದು ಪಾಯಿಂಟಲ್ಲೂ ನಿಲ್ಲಿಸಿ ಬರ್ಕೊಳೋ ಕೆಲಸ. ಅಲ್ಲಿ ಮೊದಲನೇ ವಾರದಲ್ಲೇ ಗೊತ್ತಾಗೋದು ಏನಂದ್ರೆ, ಬರೀ ಆರ್‌ಪಿಎಂ ಮುಳ್ಳು ನೋಡ್ಕೊಂಡು ಇಂಜಿನ್ ಎಷ್ಟು ಕುಡೀತಿದೆ ಅಂತ ಹೇಳಕ್ಕಾಗಲ್ಲ. ನಿಮ್ಮ ಗಾಡಿನೇ ತಗೊಳ್ಳಿ, ಅದೇ 2000 ಆರ್‌ಪಿಎಂನಲ್ಲಿ ಗಂಟೆಗೆ ಒಂದು ಲೀಟರ್ ಚಿಲ್ಲರೆ ಕುಡೀಬಹುದು, ಪೂರ್ತಿ ಒತ್ತಿದ್ರೆ ಆರೇಳು ಲೀಟರ್ ಲೆಕ್ಕದಲ್ಲೂ ಕುಡೀಬಹುದು, ಇಳಿಜಾರಲ್ಲಿ ಗೇರಲ್ಲಿದ್ದು ಕಾಲು ಎತ್ತಿದ್ರೆ ಒಂದು ಹನಿಯೂ ಕುಡೀದೇ ಇರಬಹುದು. ಮುಳ್ಳು ಮೂರೂ ಸಲ ಅಲ್ಲೇ ಇರತ್ತೆ.

ಮೊದಲು ಭಾವನವರ ಮಾತು. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. 60ರ ಸ್ಪೀಡಲ್ಲಿ ಹೋದ್ರೆ ಒಂದು ಕಿಲೋಮೀಟರಿಗೆ ಸರಿಯಾಗಿ ಒಂದು ನಿಮಿಷ ಬೇಕು, ಹಾಗಾಗಿ 60ರಲ್ಲಿ ಮೀಟರ್ ಎಷ್ಟು ಆರ್‌ಪಿಎಂ ತೋರಿಸತ್ತೋ ಒಂದು ಕಿಲೋಮೀಟರಿಗೆ ಇಂಜಿನ್ ಅಷ್ಟು ಸುತ್ತು ಸುತ್ತಿದೆ ಅಂತಲೇ ಅರ್ಥ. ನಿಮ್ಮಂಥ ಹ್ಯಾಚ್‌ಬ್ಯಾಕಲ್ಲಿ 60ರಲ್ಲಿ ಐದನೇ ಗೇರಿದ್ರೆ ಸುಮಾರು 1750, ನಾಲ್ಕನೇದಾದ್ರೆ 2250 ಹತ್ರ, ಮೂರನೇದಾದ್ರೆ 2900 ಹತ್ರ ಇರತ್ತೆ (ಗಾಡಿಯಿಂದ ಗಾಡಿಗೆ ಸ್ವಲ್ಪ ಆಚೀಚೆ). ರಸ್ತೆ ಅದೇ, ಸ್ಪೀಡ್ ಅದೇ, ಚಕ್ರಕ್ಕೆ ಬೇಕಾದ ಶಕ್ತಿನೂ ಅದೇ, ಆದ್ರೆ ಮೂರನೇ ಗೇರಲ್ಲಿ ಅದೇ ಒಂದು ಕಿಲೋಮೀಟರಿಗೆ 1150 ಸುತ್ತು ಜಾಸ್ತಿ. ಆ ಒಂದೊಂದು ಸುತ್ತಿಗೂ ಖರ್ಚಿದೆ. ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಉಜ್ಜಬೇಕು, ಬೇರಿಂಗು ತಿರುಗಬೇಕು, ವಾಲ್ವ್ ಸ್ಪ್ರಿಂಗ್ ಒತ್ತಿ ಬಿಡಬೇಕು, ಆಯಿಲ್ ಪಂಪು ವಾಟರ್ ಪಂಪು ಎರಡನ್ನೂ ಓಡಿಸಬೇಕು.

ಇದರ ಜೊತೆ ಇನ್ನೊಂದು ಖರ್ಚಿದೆ, ಅದು ಹೊರಗಿಂದ ಕಾಣಲ್ಲ. ಮಟ್ಟ ರಸ್ತೆಯಲ್ಲಿ ನಿಮ್ಮ ಗಾಡಿ 60ರಲ್ಲಿ ಓಡಕ್ಕೆ ಎಷ್ಟು ಶಕ್ತಿ ಬೇಕು ಗೊತ್ತಾ? ಗಾಡಿ ಜೊತೆ ನೀವೂ ಸೇರಿ 1100 ಕೆಜಿ ಅಂತ ಇಟ್ಕೊಂಡು, ಟೈರು ಉರುಳೋವಾಗ ಆಗೋ ತಡೆ, ಎದುರು ಗಾಳಿ ಎಲ್ಲ ಸೇರಿಸಿ ಲೆಕ್ಕ ಹಾಕಿದ್ರೆ ಸುಮಾರು 5 ಎಚ್‌ಪಿ. ತೋಟದ ಬೋರ್‌ವೆಲ್ಲಿಗೆ ಹಾಕೋ ಮೋಟರ್ ಅಷ್ಟೇ! ಬಾನೆಟ್ ಕೆಳಗೆ ಇರೋದು 80 ಚಿಲ್ಲರೆ ಎಚ್‌ಪಿ ಇಂಜಿನ್ನು. ಅಷ್ಟು ದೊಡ್ಡದರ ಕೈಲಿ ಅಷ್ಟು ಸಣ್ಣ ಕೆಲಸ ಮಾಡಿಸ್ಬೇಕಾದ್ರೆ ಪೆಟ್ರೋಲ್ ಇಂಜಿನ್ನಲ್ಲಿ ಇರೋ ದಾರಿ ಒಂದೇ, ಥ್ರಾಟಲ್, ಅಂದ್ರೆ ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು, ಅದನ್ನ ಮುಚ್ಚಿ ಗಾಳಿನ ಕಟ್ಟೋದು. ಎಳನೀರು ಕುಡೀವಾಗ ಸ್ಟ್ರಾನ ಬೆರಳಲ್ಲಿ ಅಮುಕಿ ಹಿಡ್ಕೊಂಡು ಹೀರಿ ನೋಡಿ, ಬಾಯಿಗೆ ಬರೋದು ಸ್ವಲ್ಪ, ಕೆನ್ನೆ ನೋವು ಜಾಸ್ತಿ. ಇಂಜಿನ್ನೂ ಹಾಗೇ ಒದ್ದಾಡತ್ತೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಹೊರಗಿನ ಗಾಳಿ ಒತ್ತಡ ಸುಮಾರು 91 ಕಿಲೋಪಾಸ್ಕಲ್, ಐಡಲ್ಲಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡ್ತಾ) ಇರೋ ಇಂಜಿನ್ನಿನ ಮ್ಯಾನಿಫೋಲ್ಡ್ (ಗಾಳಿ ಒಳಗೆ ಹೋಗೋ ಕೊಳವೆ) ಒಳಗೆ ಬರೀ 30 ಚಿಲ್ಲರೆ ಇರತ್ತೆ. ಆ ವ್ಯತ್ಯಾಸದ ವಿರುದ್ಧ ಪಿಸ್ಟನ್ನು ಪ್ರತಿ ಸಲ ಕೆಳಗೆ ಎಳ್ಕೋಬೇಕು, ಅದಕ್ಕೆ ಪೆಟ್ರೋಲ್ ಸುಡಬೇಕು. ಮೇಲಿನ ಗೇರಲ್ಲಿ ಇದ್ರೆ ಸುತ್ತು ಕಮ್ಮಿ, ಅದಕ್ಕೇ ಒಂದೊಂದು ಸುತ್ತಲ್ಲೂ ಜಾಸ್ತಿ ಕೆಲಸ ಮಾಡಿಸ್ಬೇಕಾಗತ್ತೆ, ಥ್ರಾಟಲ್ ಇನ್ನಷ್ಟು ತೆರೆಯತ್ತೆ, ಈ ಉಸಿರು ಕಟ್ಟೋ ಖರ್ಚು ಇಳಿಯತ್ತೆ. ಎರಡೂ ಸೇರಿ, ನನ್ನ ಲೆಕ್ಕದಲ್ಲಿ 60ರಲ್ಲಿ ಐದರ ಬದಲು ಮೂರನೇ ಗೇರಲ್ಲಿ ಹೋದ್ರೆ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಪೆಟ್ರೋಲ್ ಹೋಗತ್ತೆ, ನಾಲ್ಕನೇದ್ರಲ್ಲಿ ಹೋದ್ರೆ ಏಳರಲ್ಲೊಂದು ಭಾಗ ಜಾಸ್ತಿ. ಹಾಗಾಗಿ ಒಂದೇ ಸ್ಪೀಡಲ್ಲಿ ಸಮವಾಗಿ ಹೋಗ್ತಿರೋವಾಗ ಆರ್‌ಪಿಎಂ ಇಳಿಸ್ಬೇಕು ಅನ್ನೋದು ನೂರಕ್ಕೆ ನೂರು ಸರಿ, ಅಲ್ಲಿವರೆಗೆ ನಿಮ್ಮ ಭಾವ ಹೇಳಿದ್ದು ಒಪ್ಪೋ ಮಾತೇ.

ತಪ್ಪಾಗೋದು ಅದನ್ನ ಎಳೆದೆಳೆದು 40ಕ್ಕೆ ಟಾಪ್ ಗೇರ್ ತನಕ ತಂದಾಗ. 40ರಲ್ಲಿ ಐದನೇ ಗೇರು ಅಂದ್ರೆ 1150 ಆರ್‌ಪಿಎಂ ಹತ್ರ. ಮಟ್ಟ ರಸ್ತೆಯಲ್ಲಿ ಕಾಲು ಸುಮ್ನೆ ಇಟ್ಕೊಂಡಿದ್ರೆ ಹೇಗೋ ಹೋಗತ್ತೆ, ಆದ್ರೆ ಕದಿರೇನಹಳ್ಳಿ ಅಂಡರ್‌ಪಾಸಲ್ಲಿ ಇಳಿದು ಮೇಲೆ ಹತ್ತೋವಾಗ ನೋಡಿ ಏನಾಗತ್ತೆ ಅಂತ. ನೀವು ಒತ್ತೀರ, ಗಾಡಿ ಎಳೆಯಲ್ಲ, ಇನ್ನೂ ಒತ್ತೀರ, ಸ್ಟೀರಿಂಗು ಗೇರ್ ರಾಡು ಎಲ್ಲ ಅದುರಕ್ಕೆ ಶುರು ಆಗತ್ತೆ, ಒಮ್ಮೊಮ್ಮೆ ಬಾನೆಟ್ ಕಡೆಯಿಂದ ಟಕಟಕ ಅಂತ ಸಣ್ಣ ಸದ್ದು ಬರತ್ತೆ. ಅದು ನಾಕಿಂಗು, ಅಂದ್ರೆ ಸಿಲಿಂಡರ್ ಒಳಗೆ ಮಿಶ್ರಣ ಹದವಾಗಿ ಉರಿಯೋ ಬದಲು ತಾನಾಗೇ ಸಿಡಿಯೋದು. ನಾಕ್ ಸೆನ್ಸರ್ ಅದನ್ನ ಕೇಳಿಸ್ಕೊಂಡ ತಕ್ಷಣ ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಳ್ಳತ್ತೆ, ಕಿಡಿ ತಡವಾಗಿ ಬಿದ್ದ ಮೇಲೆ ಸುಟ್ಟ ಪೆಟ್ರೋಲಿನ ಬಿಸಿ ಪಿಸ್ಟನ್ ತಳ್ಳೋ ಬದಲು ಸೈಲೆನ್ಸರ್ ಕಡೆ ಹೋಗ್ಬಿಡತ್ತೆ. ಪೆಡಲ್ ಪೂರ್ತಿ ಹತ್ರ ಹೋದ್ರಂತೂ ಸಾಮಾನ್ಯವಾಗಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಅಂತ ಇರೋ ಲೆಕ್ಕ ಬಿಟ್ಟು ಅದು ಇನ್ನೂ ಜಾಸ್ತಿ ಪೆಟ್ರೋಲ್ ಸುರಿಯೋ ಸಾಧ್ಯತೆ ಇದೆ. ಅಂದ್ರೆ ಉಳಿಸಕ್ಕೆ ಹೋಗಿ ಕಳ್ಕೊಂಡ ಹಾಗೆ, ಜೊತೆಗೆ ಇಂಜಿನ್ ಮೌಂಟು, ಕ್ಲಚ್ಚು, ಬೇರಿಂಗು ಎಲ್ಲಕ್ಕೂ ಏಟು. ಸಣ್ಣ ಟರ್ಬೋ ಪೆಟ್ರೋಲ್ ಇಂಜಿನ್ ಇರೋವ್ರು ಈ ವಿಷಯದಲ್ಲಿ ಇನ್ನೂ ಜಾಗ್ರತೆ ಇರಬೇಕು, ಕಮ್ಮಿ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದ್ರೆ ಕಿಡಿ ಬೀಳೋಕೆ ಮುಂಚೆನೇ ಮಿಶ್ರಣ ಹೊತ್ಕೊಂಡು ಪಿಸ್ಟನ್ನೇ ಒಡೆದು ಹೋಗಿರೋ ಉದಾಹರಣೆಗಳಿವೆ. ಆ ಅದುರು ಬಂತು ಅಂದ್ರೆ ಒಂದು ಗೇರು ಇಳಿಸಿ, ಮೀಟರ್ ನೋಡ್ತಾ ಕೂರಬೇಡಿ.

ಇನ್ನು ಪಿಕಪ್ ತಗೊಳೋವಾಗ. ಹೆಚ್ಚಿನವರು ಮೈಲೇಜ್ ಬೇಕು ಅಂದ್ರೆ ಪೆಡಲ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ನಿಧಾನಕ್ಕೆ ಏರಿಸ್ಬೇಕು ಅನ್ಕೊಂಡಿದಾರೆ. ಟೆಸ್ಟ್ ಬೆಡ್ಡಲ್ಲಿ ನಾವು ನೋಡೋ ನಕ್ಷೆ ಬೇರೆ ಹೇಳತ್ತೆ. ಸಾಮಾನ್ಯ ಪೆಟ್ರೋಲ್ ಇಂಜಿನ್ ಒಂದು ಗ್ರಾಂ ಪೆಟ್ರೋಲಿಗೆ ಅತಿ ಹೆಚ್ಚು ಕೆಲಸ ಕೊಡೋ ಜಾಗ ಅಂದ್ರೆ ಸುಮಾರು 2000ದಿಂದ 3000 ಆರ್‌ಪಿಎಂ ನಡುವೆ, ಲೋಡ್ ಮುಕ್ಕಾಲು ಭಾಗದ ಹತ್ರ ಇರೋವಾಗ. ಅಲ್ಲಿ ಪೆಟ್ರೋಲಿನ ಶಕ್ತಿಯ ಮೂರರಲ್ಲೊಂದು ಭಾಗ ಅಥವಾ ಸ್ವಲ್ಪ ಮೇಲೆ ಉಪಯೋಗಕ್ಕೆ ಸಿಗತ್ತೆ, ಹಗುರ ಲೋಡಲ್ಲಿ ಅದು ಆರರಲ್ಲೊಂದು ಐದರಲ್ಲೊಂದು ಭಾಗಕ್ಕೆ ಬಿದ್ದು ಹೋಗತ್ತೆ. ಹಾಗಾಗಿ ಗಾಡಿ ಏರಿಸ್ಲೇಬೇಕು ಅಂದಾಗ ಕಾಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿನೇ ಗಟ್ಟಿಯಾಗಿ ಒತ್ತಿ, 2000–2300 ಬಂದಾಗ ಮುಂದಿನ ಗೇರಿಗೆ ಹೋಗ್ಬಿಡಿ. ಸ್ಪೀಡ್ ಲೆಕ್ಕದಲ್ಲಿ ಹೇಳೋದಾದ್ರೆ ನಿಮ್ಮ ಗಾಡಿಗೆ 15–18ಕ್ಕೆ ಎರಡು, 30ಕ್ಕೆ ಮೂರು, 45ಕ್ಕೆ ನಾಲ್ಕು, 60ಕ್ಕೆ ಐದು. ಹೀಗೆ ಮಾಡಿದ್ರೆ ಮೂರರಿಂದ ಮೇಲಕ್ಕೆ ಗೇರ್ ಬದಲಾಯಿಸಿದ ಮೇಲೂ ಮುಳ್ಳು 1400–1700ಕ್ಕಿಂತ ಕೆಳಗೆ ಬೀಳಲ್ಲ, ಅದುರೂ ಇರಲ್ಲ. ಏರು ಇದ್ರೆ ಅಥವಾ ಗಾಡಿ ತುಂಬ ಜನ ಇದ್ರೆ ಪ್ರತಿಯೊಂದಕ್ಕೂ ಒಂದೈದು ಸೇರಿಸ್ಕೊಳ್ಳಿ. ಸರ್ವಿಸ್ ಹುಡುಗ ಹೇಳಿದ್ದು ಇದನ್ನೇ ಆಗಿದ್ರೆ, ಅಂದ್ರೆ ನೀವು ಎಳೆಸ್ತಾ ಇಲ್ಲ ಅನ್ನೋದೇ ಆಗಿದ್ರೆ, ಅವನ ಮಾತು ಸರಿ. 4000ಕ್ಕೆ ಏರಿಸಿ ರೇಸ್ ಮಾಡಿ ಅಂತ ಹೇಳಿದ್ರೆ ಆ ದಿನ ಪೆಟ್ರೋಲ್ ಹೋಗೋದು ಬಿಟ್ಟು ಮೈಲೇಜಿಗೆ ಏನೂ ಲಾಭ ಇಲ್ಲ. (ಬಿಎಸ್6 ಡೀಸೆಲ್ ಗಾಡಿಗಳಿಗೆ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಸುಟ್ಟು ಕ್ಲೀನ್ ಆಗಕ್ಕೆ ಆಗಾಗ ಹೈವೇ ಓಟ ಬೇಕು, ಆ ಮಾತನ್ನ ಪೆಟ್ರೋಲ್ ಗಾಡಿಗೂ ಸೇರಿಸಿ ಹೇಳೋದು ರೂಢಿ ಆಗ್ಬಿಟ್ಟಿದೆ.)

ಅಪ್ಪ ಹೇಳಿದ್ದಕ್ಕೆ ಬರ್ತೀನಿ. ಅವರು ಕಲಿತಿದ್ದು ಕಾರ್ಬುರೇಟರ್ ಗಾಡಿಲಿ, ಆ ಕಾಲಕ್ಕೆ ಅದು ಸರಿಯಾದ ಮಾತು, ಯಾಕಂದ್ರೆ ಕಾರ್ಬುರೇಟರಲ್ಲಿ ಇಂಜಿನ್ ಜೋರಾಗಿ ಸುತ್ತುತಾ ಇದ್ದಷ್ಟೂ ಕಾಲು ಎತ್ತಿದ್ರೂ ಪೆಟ್ರೋಲ್ ಹೀರ್ತಾನೇ ಇರ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಲಿ ಹಾಗಿಲ್ಲ. ಗೇರಲ್ಲಿ ಇಟ್ಟು ಆಕ್ಸಿಲರೇಟರಿಂದ ಕಾಲು ಪೂರ್ತಿ ತೆಗೆದ್ರೆ, ಇಂಜಿನ್ ಬಿಸಿ ಇದ್ದು ಆರ್‌ಪಿಎಂ 1300–1500ರ ಮೇಲಿದ್ರೆ, ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ಗಳನ್ನ ಪೂರ್ತಿ ಬಂದ್ ಮಾಡ್ಬಿಡತ್ತೆ, ಚಕ್ರನೇ ಇಂಜಿನ್ನನ್ನ ತಿರುಗಿಸ್ತಾ ಇರತ್ತೆ. ಡ್ಯಾಶ್‌ಬೋರ್ಡಲ್ಲಿ ಇನ್‌ಸ್ಟಂಟ್ ಮೈಲೇಜ್ ಪಟ್ಟಿ ಇದ್ರೆ ಆಗ ಅದು ತುದಿಗೆ ಹೋಗಿ ನಿಲ್ಲೋದು ನೋಡ್ಬಹುದು. ನ್ಯೂಟ್ರಲ್ ಮಾಡಿದ್ರೋ, ಇಂಜಿನ್ ಆರಿ ಹೋಗ್ಬಾರದು ಅಂತ ಐಡಲ್ ಪೆಟ್ರೋಲ್ ಕೊಡ್ತಾನೇ ಇರಬೇಕು. ಹಾಗಂತ ನ್ಯೂಟ್ರಲ್ಲಲ್ಲಿ ಗಾಡಿ ಜಾಸ್ತಿ ದೂರ ಉರುಳೋದು ನಿಜ, ಆದ್ರೆ ನೀವು ಹೇಗೂ ಮುಂದೆ ಸಿಗ್ನಲ್ಲಲ್ಲಿ ನಿಲ್ಲಬೇಕು ಅಂದ್ರೆ ದೂರ ಉರುಳಿ ಏನು ಮಾಡ್ತೀರ, ಬ್ರೇಕೇ ಒತ್ಬೇಕು. ನಂದಿ ಬೆಟ್ಟದ ತಿರುವುಗಳಲ್ಲಿ ನ್ಯೂಟ್ರಲ್ ಹಾಕಿ ಇಳಿಯೋದಂತೂ ದಯವಿಟ್ಟು ಯಾರೂ ಮಾಡಬೇಡಿ, ಬ್ರೇಕು ಕಾದು ಹಿಡಿಯದೇ ಹೋದ್ರೆ ಕೈಲಿ ಏನೂ ಇರಲ್ಲ, ಕೆಲವರು ಇಂಜಿನ್ನೇ ಆಫ್ ಮಾಡಿ ಇಳೀತಾರೆ, ಆಗ ಬ್ರೇಕ್ ಬೂಸ್ಟರ್ರೂ ಪವರ್ ಸ್ಟೀರಿಂಗೂ ಎರಡೂ ಹೋಗತ್ತೆ. ನೂರು ಎಂಎಲ್ ಪೆಟ್ರೋಲಿಗೆ ಜೀವ ಇಡೋದಲ್ಲ.

ಈಗ ನಿಮ್ಮ 11ರ ವಿಷಯ, ಇದನ್ನ ಸ್ವಲ್ಪ ಕೂತು ಲೆಕ್ಕ ಹಾಕೋಣ, ಯಾಕಂದ್ರೆ ನಿಮ್ಮ ಪೆಟ್ರೋಲ್ ಹೋಗ್ತಿರೋದು ಬಹುಪಾಲು ಬೇರೆ ಕಡೆ. 24 ಕಿಲೋಮೀಟರಿಗೆ 11ರ ಲೆಕ್ಕದಲ್ಲಿ ಸುಮಾರು 2.2 ಲೀಟರ್. ಒಂದೂವರೆ ಗಂಟೆಲಿ ಅರ್ಧ ಗಂಟೆ ನಿಂತೇ ಇರ್ತೀರ ಅಂತ ಇಟ್ಕೊಳ್ಳಿ, ನಾಯಂಡಹಳ್ಳಿ, ಸಾರಕ್ಕಿ, ಜಯದೇವ, ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು ಎಲ್ಲ ಸೇರಿದ್ರೆ ಅರ್ಧ ಗಂಟೆ ಏನೂ ಜಾಸ್ತಿ ಅಲ್ಲ. ಇಂಥ ಇಂಜಿನ್ನು ಐಡಲ್ಲಲ್ಲಿ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯತ್ತೆ, ಎಸಿ ಹಾಕಿದ್ರೆ ಮುಕ್ಕಾಲು ಲೀಟರಿನ ಮೇಲೆ. ಅಲ್ಲಿಗೆ 400 ಎಂಎಲ್ ಹತ್ರ ನಿಂತ ಜಾಗದಲ್ಲೇ ಹೋಯ್ತು.

ಎರಡನೇದು ಬ್ರೇಕು. 1100 ಕೆಜಿ ಗಾಡಿನ ಸೊನ್ನೆಯಿಂದ 40ಕ್ಕೆ ಏರಿಸಕ್ಕೆ ಸುಮಾರು 8 ಎಂಎಲ್ ಪೆಟ್ರೋಲ್ ಬೇಕು. ಕೆಮ್ಮಿನ ಸಿರಪ್ ಬಾಟ್ಲಿ ಮೇಲೆ ಇರತ್ತಲ್ಲ 10 ಎಂಎಲ್ ಮುಚ್ಚಳ, ಹೆಚ್ಚುಕಮ್ಮಿ ಅಷ್ಟು. ನೀವು 40ರಿಂದ ಬ್ರೇಕ್ ಒತ್ತಿ ನಿಂತಾಗೆಲ್ಲ ಆ ಒಂದು ಮುಚ್ಚಳ ಪೆಟ್ರೋಲ್ ಬ್ರೇಕ್ ಪ್ಯಾಡಲ್ಲಿ ಬಿಸಿಯಾಗಿ ಹೋಯ್ತು ಅಂತ ಲೆಕ್ಕ. ದಾರಿಲಿ ಅಂಥದ್ದು 60 ಸಲ ಆದ್ರೆ ಅರ್ಧ ಲೀಟರ್. ಎರಡೂ ಸೇರಿದ್ರೆ 900 ಎಂಎಲ್, ನೀವು ಸುಡೋದ್ರಲ್ಲಿ ಐದರಲ್ಲಿ ಎರಡು ಪಾಲು, ಇದನ್ನ ಯಾವ ಗೇರಲ್ಲಿ ಹೋದ್ರೂ ಉಳಿಸಕ್ಕಾಗಲ್ಲ. ಕಂಪನಿ ಹೇಳೋ 20 ಚಿಲ್ಲರೆ ಮೈಲೇಜು ಲ್ಯಾಬಲ್ಲಿ ರೋಲರ್ ಮೇಲೆ ಓಡಿಸಿ ಬಂದಿದ್ದು, ಸರಾಸರಿ ಸ್ಪೀಡೇ 32ರ ಹತ್ರ ಇರತ್ತೆ, ಎಸಿ ಇಲ್ಲ, ಅದನ್ನ ನಿಮ್ಮ 16ರ ಸರಾಸರಿಗೆ ಹೋಲಿಸಿ ಬೇಜಾರು ಮಾಡ್ಕೋಬೇಡಿ. ಬಂಕಲ್ಲಿ ಈಗ ಸಿಗೋ ಇ20 ಪೆಟ್ರೋಲೂ ಒಂದು ಕಾರಣ, ಎಥನಾಲಲ್ಲಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟೇ ಶಕ್ತಿ ಇರೋದು, ಶೇಕಡ 20 ಬೆರೆಸಿದ್ರೆ ಲೀಟರಿಗೆ ಆರೇಳು ಪರ್ಸೆಂಟ್ ಶಕ್ತಿ ಕಮ್ಮಿ ಆಗ್ಲೇಬೇಕು.

ಹಾಗಿದ್ರೆ ಮಾಡೋದೇನು ಅಂದ್ರೆ, ಮುಂದಿನ ಸಿಗ್ನಲ್ ಕೆಂಪು ಕಾಣ್ತಾ ಇದ್ರೆ 200 ಮೀಟರ್ ಹಿಂದೆನೇ ಕಾಲು ತೆಗೆದು ಗೇರಲ್ಲೇ ಉರುಳಿಸ್ಕೊಂಡು ಹೋಗಿ, ಪೆಟ್ರೋಲೂ ಬಂದ್, ಬ್ರೇಕೂ ಉಳಿಯತ್ತೆ, ನೀವು ತಲುಪೋ ಅಷ್ಟರಲ್ಲಿ ಹಸಿರು ಬಂದ್ರೆ ಸೊನ್ನೆಯಿಂದ ಏರಿಸೋ ಕಷ್ಟನೂ ತಪ್ಪತ್ತೆ. 20ರಲ್ಲಿ ಉರುಳ್ತಿರೋ ಗಾಡಿಲಿ 40ರ ಶಕ್ತಿಯ ಕಾಲು ಭಾಗ ಆಗ್ಲೇ ಇರತ್ತೆ. ಸಿಲ್ಕ್ ಬೋರ್ಡ್ ಹತ್ರ ತೆವಳೋವಾಗ ಹಾಫ್ ಕ್ಲಚ್ಚಲ್ಲಿ ನೂಕಬೇಡಿ, ಮುಂದಿನ ಗಾಡಿಗೆ ಒಂದು ಕಾರಿನಷ್ಟು ಜಾಗ ಬಿಟ್ಟು, ಮೊದಲನೇ ಗೇರಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಕಾಲು ಎಲ್ಲೂ ಇಡದೆ ಸುಮ್ನೆ ಇದ್ದುಬಿಡಿ, ಐಡಲ್ಲಲ್ಲೇ ಗಾಡಿ ಗಂಟೆಗೆ 6 ಕಿಲೋಮೀಟರ್ ಹತ್ರ ತಾನೇ ಹೋಗತ್ತೆ. ಆ ಜಾಗಕ್ಕೆ ಆಟೋ ನುಗ್ಗತ್ತೆ, ಬೈಕ್ ನುಗ್ಗತ್ತೆ, ನುಗ್ಗಲಿ ಬಿಡಿ. ಸಿಗ್ನಲ್ಲಲ್ಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ಕಾಣ್ತಿದ್ರೆ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಕ್ಕೆ ಹೋಗೋ ಪೆಟ್ರೋಲು ಹತ್ತು ಸೆಕೆಂಡಿನ ಐಡಲ್ಲಿಗಿಂತ ಜಾಸ್ತಿ ಏನಲ್ಲ.

ಹೈವೇ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ಬಿಡ್ತೀನಿ, ಯಾಕಂದ್ರೆ 3000 ದಾಟಿದ್ರೆ ಮೈಲೇಜ್ ಬಿದ್ದು ಹೋಗತ್ತೆ ಅನ್ನೋ ನಂಬಿಕೆ ಅಲ್ಲಿಂದಾನೇ ಬಂದಿರೋದು. ಮೈಸೂರು ಎಕ್ಸ್‌ಪ್ರೆಸ್‌ವೇಲಿ ಐದನೇ ಗೇರಲ್ಲಿ 100 ಅಂದ್ರೆ 2900 ಹತ್ರ. ಬೀಳೋದು ನಿಜ, ಆದ್ರೆ ಬೀಳಿಸೋದು ಮುಖ್ಯವಾಗಿ ಗಾಳಿ. ಗಾಳಿಯ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರತ್ತೆ. ಗಾಡಿ ಮುಂದಕ್ಕೆ ಹೋಗಕ್ಕೆ 80ರಲ್ಲಿ ಸುಮಾರು 300 ನ್ಯೂಟನ್ ಬಲ ಬೇಕಿದ್ರೆ 100ರಲ್ಲಿ 400, 120ರಲ್ಲಿ 530. ಎಚ್‌ಪಿ ಲೆಕ್ಕದಲ್ಲಿ 60ಕ್ಕೆ 5 ಇದ್ದಿದ್ದು 100ಕ್ಕೆ 15, 120ಕ್ಕೆ 24. ಅಲ್ಲಿ ಆರನೇ ಗೇರು ಕೊಟ್ಟು ಆರ್‌ಪಿಎಂ ಇಳಿಸಿದ್ರೂ ಗಾಳಿ ಬಿಡಲ್ಲ. 80–90ರಲ್ಲಿ ಹೋಗಿ, ವ್ಯತ್ಯಾಸ ಟ್ಯಾಂಕಲ್ಲೇ ಕಾಣತ್ತೆ.

ಡೀಸೆಲ್ ಇದ್ದೋರಿಗೆ ಒಂದು ಮಾತು, ಅದರಲ್ಲಿ ಗಾಳಿನ ಥ್ರಾಟಲ್ ಮುಚ್ಚಿ ಕಟ್ಟೋ ಪದ್ಧತಿ ಇಲ್ಲ, ಅದಕ್ಕೇ ಹಗುರ ಲೋಡಲ್ಲೂ ಅಷ್ಟು ನಷ್ಟ ಆಗಲ್ಲ, 1500–1800ಕ್ಕೆ ಗೇರ್ ಬದಲಾಯಿಸ್ಬಹುದು. ಸಿವಿಟಿ (ಗೇರ್ ಅನುಪಾತ ತಾನೇ ಬದಲಾಯಿಸ್ಕೊಳೋ ಆಟೋಮ್ಯಾಟಿಕ್) ಗಾಡಿಲಿ ಈ ಲೆಕ್ಕ ಎಲ್ಲ ಅದೇ ಮಾಡ್ಕೊಳತ್ತೆ, ನೀವು ಬ್ರೇಕ್ ಕಮ್ಮಿ ಮಾಡಿದ್ರೆ ಸಾಕು.

ಇದನ್ನ ನಿಮ್ಮ ಗಾಡಿಲೇ ನೋಡ್ಬೇಕು ಅಂದ್ರೆ, ಒಂದೇ ಬಂಕಲ್ಲಿ, ನಳಿಕೆ ಮೊದಲನೇ ಸಲ ತಾನಾಗೇ ಕಟ್ ಆಗೋ ತನಕ ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟೈರ್ ಗಾಳಿ ಅವತ್ತೇ ನೋಡಿಸಿ, ಡ್ರೈವರ್ ಬಾಗಿಲ ಪಟ್ಟಿ ಮೇಲೆ ಬರೆದಿರೋಷ್ಟು. ಎರಡು ವಾರ ನೀವು ಈಗ ಓಡಿಸೋ ಹಾಗೇ ಓಡಿಸಿ, ಅದೇ ಬಂಕಲ್ಲಿ ಮತ್ತೆ ತುಂಬಿಸಿ ಭಾಗಿಸಿ ಬರೆದಿಡಿ. ಆಮೇಲೆ ಎರಡು ವಾರ ಮೇಲೆ ಹೇಳಿದ ಹಾಗೆ. ಒಂದೊಂದು ಟ್ಯಾಂಕಲ್ಲಿ ಟ್ರಾಫಿಕ್, ಮಳೆ ಅಂತ ಆಚೀಚೆ ಆಗತ್ತೆ, ಅದಕ್ಕೇ ಕನಿಷ್ಠ ಎರಡೆರಡು ಟ್ಯಾಂಕ್ ನೋಡಿ. ನಿಮ್ಮ ದಾರಿಲಿ 13 ಬಂದ್ರೆ ಅದು ಒಳ್ಳೇ ಮೈಲೇಜು, 18 ಬರಲ್ಲ. 30ರಲ್ಲಿ ಮೂರನೇ ಗೇರಲ್ಲಿ 1400 ಮೇಲೆ ಇದ್ದೂ ಗಾಡಿ ಅದುರಿದ್ರೆ ಮಾತ್ರ ಓಡಿಸೋ ರೀತಿ ಕಾರಣ ಅಲ್ಲ, ಸ್ಪಾರ್ಕ್ ಪ್ಲಗ್ಗು, ಇಂಜಿನ್ ಮೌಂಟು, ಕ್ಲಚ್ಚು ಈ ಮೂರನ್ನ ಇದೇ ಆರ್ಡರಲ್ಲಿ ಚೆಕ್ ಮಾಡಿಸಿ, ಪ್ಲಗ್ಗಿನ ಖರ್ಚು ಎಲ್ಲಕ್ಕಿಂತ ಕಮ್ಮಿ.